ಯಾವ ಕಿಣ್ವ, ಯಾವ ವರ್ಣತಂತು? ಸಂಕರ ಕೋಶಗಳಲ್ಲಿ ಸುಂಡಿಲಿಯ ಜೀನ್ ಹುಡುಕುವ ಬಗೆ

ಸುಂಡಿಲಿಯ ಜೀವಕೋಶದಲ್ಲಿ 40 ವರ್ಣತಂತುಗಳಿವೆ. 19 ಜೋಡಿ ಸಾಮಾನ್ಯ ವರ್ಣತಂತುಗಳು, ಉಳಿದೆರಡು ಲಿಂಗ ವರ್ಣತಂತುಗಳು. ಒಂದು ಕಿಣ್ವದ ಹೆಸರು ಹೇಳಿ ‘ಇದರ ಜೀನ್ ಎಷ್ಟನೇ ವರ್ಣತಂತುವಿನಲ್ಲಿದೆ?’ ಎಂದು ಕೇಳಿದರೆ ಇಂದು ಕಂಪ್ಯೂಟರಿನಲ್ಲಿ ನೋಡಿ ಕ್ಷಣದಲ್ಲಿ ಹೇಳಬಹುದು. ಆದರೆ ಇಲಿಯ ಜೀನೋಮಿನ ಕರಡು ಪ್ರಕಟವಾದದ್ದು 2002ರಲ್ಲಿ. ಅದಕ್ಕೂ ಕಾಲು ಶತಮಾನ ಮೊದಲೇ ಹತ್ತಾರು ಕಿಣ್ವಗಳ ವಿಳಾಸ ಗೊತ್ತಾಗಿತ್ತು. ಡಿಎನ್‌ಎಯ ಒಂದಕ್ಷರವನ್ನೂ ಓದದೆ, ಜೆಲ್ ಮೇಲಿನ ನೀಲಿ ಪಟ್ಟೆ ಮತ್ತು ಸೂಕ್ಷ್ಮದರ್ಶಕದಡಿಯ ವರ್ಣತಂತು ಎರಡನ್ನೇ ನಂಬಿ ಆ ಕೆಲಸ ಹೇಗೆ ನಡೆಯಿತು, ಎಲ್ಲಿ ಕೈಕೊಡುತ್ತದೆ ಎನ್ನುವುದು ಇಲ್ಲಿನ ವಿಷಯ.

ಇಲಿಯ ಜೀನ್ ನಕ್ಷೆಗೆ ಹಳೆಯ ದಾರಿ ತಳಿಗಳನ್ನು ಕೂಡಿಸುವುದು. ಎರಡು ತಳಿಗಳಲ್ಲಿ ಒಂದೇ ಕಿಣ್ವ ಎರಡು ರೂಪದಲ್ಲಿದ್ದರೆ ಮರಿ, ಮೊಮ್ಮರಿಗಳಲ್ಲಿ ಅದು ಇನ್ಯಾವ ಗುಣದ ಜೊತೆ ಸಾಗುತ್ತದೆ ಎಂದು ಎಣಿಸಬಹುದು. ಈ ದಾರಿಗೆ ಒಂದು ಮೂಲಭೂತ ಅಡ್ಡಿಯಿದೆ. ಕಿಣ್ವ ಎಲ್ಲ ತಳಿಗಳಲ್ಲೂ ಒಂದೇ ರೂಪದಲ್ಲಿದ್ದರೆ ಸಾವಿರ ಮರಿಗಳನ್ನು ಸಾಕಿದರೂ ಎಣಿಸಲು ಏನೂ ಸಿಗುವುದಿಲ್ಲ. ಎರಡು ಪ್ರಾಣಿಗಳ ಜೀವಕೋಶಗಳನ್ನು ಬೆಸೆದು ಒಂದಾಗಿಸಿದ್ದೇ ಸಂಕರ ಕೋಶ. ಅದರ ವಿಧಾನಕ್ಕೆ ತಳಿಗಳ ನಡುವಿನ ವ್ಯತ್ಯಾಸವೇ ಬೇಕಿಲ್ಲ. ಇಲ್ಲಿ ಇಲಿಯ ಕಿಣ್ವವನ್ನು ಬೇರೆ ಪ್ರಾಣಿಯ ಅದೇ ಕಿಣ್ವದೊಡನೆ ಹೋಲಿಸುತ್ತೇವೆ. ಕೋಟ್ಯಂತರ ವರ್ಷಗಳ ಹಿಂದೆ ಬೇರಾದ ಎರಡು ಪ್ರಭೇದಗಳ ಕಿಣ್ವಗಳು ವಿದ್ಯುತ್ ಹಾಯಿಸಿದ ಜೆಲ್‌ನಲ್ಲಿ ಬಹುಪಾಲು ಬೇರೆ ಬೇರೆ ದೂರಕ್ಕೆ ಓಡುತ್ತವೆ.

ಬೇರೆ ಬೇರೆ ಕೋಶಗಳು ಪಾತ್ರೆಯಲ್ಲಿ ಒಂದಾಗುತ್ತವೆ ಎಂದು ಬಾರ್ಸ್ಕಿ ಮತ್ತು ಸಂಗಡಿಗರು ಪ್ಯಾರಿಸ್‌ನಲ್ಲಿ 1960ರಲ್ಲಿ ವರದಿ ಮಾಡಿದರು. 1964ರಲ್ಲಿ ಲಿಟಲ್‌ಫೀಲ್ಡ್ ಹಾಗೆ ಒಂದಾದ ಕೋಶಗಳನ್ನು ಮಾತ್ರ ಉಳಿಸಿಕೊಳ್ಳುವ ಹ್ಯಾಟ್ ಮೀಡಿಯಮ್ಮಿನ (ಕೋಶ ಬೆಳೆಸುವ ಒಂದು ಪೋಷಕ ದ್ರವದ) ಉಪಾಯ ತೋರಿಸಿದರು. 1967ರಲ್ಲಿ ಮೇರಿ ವೈಸ್ ಮತ್ತು ಹೊವರ್ಡ್ ಗ್ರೀನ್ ಮನುಷ್ಯ–ಇಲಿ ಸಂಕರ ಕೋಶಗಳು ಬೆಳೆಯುತ್ತ ಬೆಳೆಯುತ್ತ ಮನುಷ್ಯನ ವರ್ಣತಂತುಗಳನ್ನೇ ಕಳೆದುಕೊಳ್ಳುತ್ತವೆ ಎಂದು ಕಂಡರು. ನಕ್ಷೆ ಮಾಡುವವರಿಗೆ ಬೇಕಾದದ್ದು ಈ ಕಳೆದುಕೊಳ್ಳುವಿಕೆಯೇ. ಯಾವುದೂ ಹೋಗದ ಕೋಶದಿಂದ ನಾವು ಕಲಿಯುವುದು ಏನೂ ಇಲ್ಲ.

ಮನುಷ್ಯನ ಜೊತೆ ಕೂಡಿಸಿದಾಗ ಉಳಿಯುವುದು ಇಲಿಯದು. ಹಾಗಾಗಿ ಇಲಿಯ ಜೀನ್ ಹುಡುಕಲು ಆ ಜೋಡಿ ಕೆಲಸಕ್ಕೆ ಬರುವುದಿಲ್ಲ. ಇಲಿಯದು ಹೋಗುವಂಥ ಜೊತೆಗಾರ ಬೇಕು. ಅದು ಚೀನೀ ಹ್ಯಾಮ್‌ಸ್ಟರ್. ಪಾತ್ರೆಯಲ್ಲಿ ಬಹುಕಾಲದಿಂದ ಬೆಳೆಯುತ್ತಿರುವ ಹ್ಯಾಮ್‌ಸ್ಟರ್ ಕೋಶಸಾಲಿಗೆ ಇಲಿಯ ಮೈಯಿಂದ ಆಗಷ್ಟೇ ತೆಗೆದ ಕೋಶಗಳನ್ನು ಕೂಡಿಸಿದರೆ ಇಲಿಯ ವರ್ಣತಂತುಗಳು ಒಂದೊಂದಾಗಿ ಉದುರುತ್ತವೆ. ಇನ್ನೊಂದು ಅನುಕೂಲವೂ ಇದೆ. ಹ್ಯಾಮ್‌ಸ್ಟರಿನ ವರ್ಣತಂತುಗಳು ಕೇವಲ 22, ಹೆಚ್ಚಿನವು ಎರಡೂ ಕಡೆ ತೋಳಿರುವಂಥವು. ಇಲಿಯ 40ಕ್ಕೆ 40ಕ್ಕೂ ಸೆಂಟ್ರೊಮಿಯರ್, ಅಂದರೆ ತೋಳುಗಳು ಕೂಡುವ ಕಟ್ಟು, ತುದಿಯಲ್ಲೇ ಇದೆ. ಹಾಗಾಗಿ ಯಾವುದು ಯಾರದೆಂದು ಬಹುಪಾಲು ಆಕಾರದಿಂದಲೇ ತಿಳಿಯುತ್ತದೆ. ಯೇಲ್‌ನಲ್ಲಿ ಫ್ರಾಂಕ್ ರಡಲ್, ಕ್ರಿಸ್ಟೀನ್ ಕೋಜಾಕ್ ಮತ್ತಿತರರು, ಇನ್ನೊಂದೆಡೆ ಉಟಾ ಫ್ರಾಂಕೆ, ಪೀಟರ್ ಲಾಲಿ, ಜಾನ್ ಮಿನ್ನಾ 1970ರ ದಶಕದಲ್ಲಿ ಇಲಿಯ ಕಿಣ್ವ ಜೀನ್‌ಗಳನ್ನು ಗುರುತಿಸಿದ್ದು ಇಂಥ ಸಂಕರ ಕೋಶಗಳಿಂದಲೇ.

ಕೋಶ ಕೂಡಿಸುವುದು, ಆರಿಸುವುದು

ಹ್ಯಾಮ್‌ಸ್ಟರ್ ಕಡೆಯಿಂದ ಎಚ್‌ಪಿಆರ್‌ಟಿ ಎಂಬ, ಡಿಎನ್‌ಎಯ ಕಚ್ಚಾ ಸಾಮಗ್ರಿಯನ್ನು ಮರುಬಳಸುವ ಕಿಣ್ವವಿಲ್ಲದ ಸಾಲು ಬೇಕು. ಇ36 ಎಂಬುದು ಅಂಥ ಹೆಸರಾಂತ ಸಾಲು. ಇಲಿಯ ಕಡೆಯಿಂದ ಗುಲ್ಮದ ಕೋಶ, ಹೊಟ್ಟೆಯ ಪೊರೆಯ ಮ್ಯಾಕ್ರೊಫೇಜ್ ಅಥವಾ ಭ್ರೂಣದ ಫೈಬ್ರೊಬ್ಲಾಸ್ಟ್. ಮೊದಲೆರಡು ಲೇಸು. ಅವು ಪಾತ್ರೆಯಲ್ಲಿ ತಾವಾಗಿ ಗುಂಪು ಕಟ್ಟಿ ಬೆಳೆಯುವುದಿಲ್ಲವಾದ್ದರಿಂದ ಇಲಿಯ ಕೋಶವನ್ನು ಕೊಲ್ಲಲು ಬೇರೆ ಔಷಧಿ ಬೇಡ. ಭ್ರೂಣದ ಕೋಶ ಬಳಸಿದರೆ ಅವೂ ಹ್ಯಾಟ್‌ನಲ್ಲಿ ಸೊಂಪಾಗಿ ಬೆಳೆದು ಸಂಕರ ಗುಂಪುಗಳನ್ನು ಮುಚ್ಚಿಹಾಕುತ್ತವೆ.

ಬೆಸೆಯಲು ಮೊದಲು ನಿಷ್ಕ್ರಿಯಗೊಳಿಸಿದ ಸೆಂಡೈ ವೈರಸ್ ಬಳಸುತ್ತಿದ್ದರು. 1975ರಲ್ಲಿ ಪಾಂಟೆಕೋರ್ವೊ ಪಾಲಿಎಥಿಲೀನ್ ಗ್ಲೈಕಾಲ್ ಸಾಕೆಂದು ತೋರಿಸಿದ ಮೇಲೆ ಎಲ್ಲರೂ ಅದಕ್ಕೆ ಹೊರಳಿದರು. ಅಣುತೂಕ 1000 ಅಥವಾ 1500 ಇರುವುದನ್ನು ಆಟೊಕ್ಲೇವ್ ಮಾಡಿ, ಬಿಸಿ ಆರಿ ಗಟ್ಟಿಯಾಗುವ ಮೊದಲೇ ಅಷ್ಟೇ ಪ್ರಮಾಣದ ಬೆಚ್ಚಗಿನ, ಸೀರಮ್ ಇಲ್ಲದ ಮೀಡಿಯಮ್ ಬೆರೆಸಿ ಶೇ. 50ರ ದ್ರಾವಣ ಮಾಡಿ. ಪಿಎಚ್ ನೋಡಿಕೊಳ್ಳಿ. ಹಳೆಯದಾದ, ಮತ್ತೆ ಮತ್ತೆ ಕಾಯಿಸಿದ ದ್ರಾವಣ ಆಮ್ಲವಾಗಿ ಕೋಶಗಳನ್ನು ಕೊಲ್ಲುತ್ತದೆ. ಎರಡೂ ಬಗೆಯ ಕೋಶ ಸೇರಿ ಸುಮಾರು ಒಂದೆರಡು ಕೋಟಿ ಇರಲಿ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವವನ್ನು ಒಂದು ಹನಿಯೂ ಉಳಿಯದಂತೆ ತೆಗೆಯಿರಿ. ಉಳಿದ ದ್ರವ ಗ್ಲೈಕಾಲನ್ನು ತೆಳುವಾಗಿಸಿ ಬೆಸುಗೆಯನ್ನೇ ಕೆಡಿಸುತ್ತದೆ. 37 ಡಿಗ್ರಿಯಲ್ಲಿ 1 ಮಿಲಿಲೀಟರ್ ದ್ರಾವಣವನ್ನು ಒಂದು ನಿಮಿಷದುದ್ದಕ್ಕೂ ಹನಿಸಿ, ಮೆಲ್ಲಗೆ ಅಲುಗಿಸಿ, ಇನ್ನೊಂದು ನಿಮಿಷ ಬಿಡಿ. ಬಳಿಕ ಸೀರಮ್ ಇಲ್ಲದ ಮೀಡಿಯಮ್ ಹಾಕಬೇಕು: ಮೊದಲ ನಿಮಿಷದಲ್ಲಿ 1 ಮಿಲಿಲೀಟರ್, ಮುಂದಿನ ನಾಲ್ಕೈದು ನಿಮಿಷಗಳಲ್ಲಿ 9 ಮಿಲಿಲೀಟರ್. ಹೊಸಬರು ಎಡವುವುದು ಇಲ್ಲಿ. ವಿಷವೆಂಬ ಭಯಕ್ಕೆ ಒಮ್ಮೆಲೇ ಮೀಡಿಯಮ್ ಸುರಿದರೆ ನೀರು ನುಗ್ಗಿ ಆಗತಾನೇ ಬೆಸೆದ ಕೋಶಗಳು ಒಡೆದುಹೋಗುತ್ತವೆ.

ಮರುದಿನ ಹ್ಯಾಟ್ ಮೀಡಿಯಮ್. ಅದರಲ್ಲಿ ಹೈಪೊಕ್ಸಾಂಥೀನ್ 100 ಮೈಕ್ರೊಮೋಲಾರ್, ಅಮೈನೊಪ್ಟೆರಿನ್ 0.4 ಮೈಕ್ರೊಮೋಲಾರ್, ಥೈಮಿಡೀನ್ 16 ಮೈಕ್ರೊಮೋಲಾರ್. ಅಮೈನೊಪ್ಟೆರಿನ್ ಇದ್ದಾಗ ಕೋಶ ಡಿಎನ್‌ಎಗೆ ಬೇಕಾದ ಪ್ಯೂರೀನನ್ನೂ ಥೈಮಿಡೀನಿನ ಫಾಸ್ಫೇಟನ್ನೂ ಹೊಸದಾಗಿ ಕಟ್ಟಲಾರದು. ಮೀಡಿಯಮ್ಮಿನಲ್ಲಿರುವ ಹೈಪೊಕ್ಸಾಂಥೀನನ್ನು ಬಳಸಿಕೊಳ್ಳೋಣವೆಂದರೆ ಎಚ್‌ಪಿಆರ್‌ಟಿ ಬೇಕು, ಹ್ಯಾಮ್‌ಸ್ಟರ್ ಕೋಶದಲ್ಲಿ ಅದಿಲ್ಲ. ಇಲಿಯಿಂದ ಅದನ್ನು ಪಡೆದ ಕೋಶ ಮಾತ್ರ ಬದುಕುತ್ತದೆ. ಎರಡು ಮೂರು ವಾರಗಳಲ್ಲಿ ಗುಂಪುಗಳು ಬರಿಗಣ್ಣಿಗೆ ಕಾಣುತ್ತವೆ. ಕೂಡಿಸದ ಹ್ಯಾಮ್‌ಸ್ಟರ್ ಕೋಶಗಳನ್ನಷ್ಟೇ ಹಾಕಿದ ಒಂದು ಪಾತ್ರೆಯನ್ನೂ ಹ್ಯಾಟ್‌ನಲ್ಲಿಡಿ. ಅದರಲ್ಲೂ ಗುಂಪು ಎದ್ದರೆ ಕೊರತೆ ತಾನಾಗಿ ಸರಿಹೋಗಿರುವ ಕೋಶಗಳಿವೆ ಎಂದರ್ಥ. ಆ ಸುತ್ತಿನ ಕೆಲಸವನ್ನೇ ಬಿಡುವುದು ಒಳ್ಳೆಯದು.

ಒಂದು ಪಾತ್ರೆಯಿಂದ ಒಂದೇ ಗುಂಪು ತೆಗೆಯಿರಿ. ಒಂದೇ ಪಾತ್ರೆಯ ಹತ್ತು ಗುಂಪುಗಳು ಒಂದೇ ಸಂಕರದಿಂದ ಕಳಚಿ ಬೇರೂರಿದ ಹತ್ತು ತುಣುಕುಗಳಾಗಿರಬಹುದು. ಲೆಕ್ಕಕ್ಕೆ ಅವು ಒಂದೇ ಕ್ಲೋನ್, ಅಂದರೆ ಒಂದೇ ಕೋಶದಿಂದ ಹುಟ್ಟಿದ ಸಂತತಿ. ಹತ್ತೆಂದು ಎಣಿಸಿದರೆ ಇಲ್ಲದ ಬಲವನ್ನು ನಮಗೆ ನಾವೇ ಕೊಟ್ಟುಕೊಂಡ ಹಾಗೆ.

ಜೆಲ್ ಮೇಲೆ ಕಾಣುವುದು

ಪ್ರತಿ ಕ್ಲೋನನ್ನು ಬೆಳೆಸಿ ಕೋಶಗಳನ್ನು ಕೆರೆದು ತೆಗೆದು, ಫಾಸ್ಫೇಟ್ ಉಪ್ಪುನೀರಿನಲ್ಲಿ ಮೂರು ಸಲ ತೊಳೆಯಬೇಕು. ಕರುವಿನ ಸೀರಮ್ಮಿನಲ್ಲಿ ಎಸ್ಟರೇಸ್, ನ್ಯೂಕ್ಲಿಯೊಸೈಡ್ ಫಾಸ್ಫೊರಿಲೇಸ್ ಇವೆ. ತೊಳೆಯದಿದ್ದರೆ ಇಲಿಯದೂ ಅಲ್ಲದ, ಹ್ಯಾಮ್‌ಸ್ಟರಿನದೂ ಅಲ್ಲದ ಹಸುವಿನ ಪಟ್ಟೆ ಜೆಲ್‌ನಲ್ಲಿ ಬಂದು ಕೂರುತ್ತದೆ. ಕೋಶದ ಮುದ್ದೆಗೆ ಅಷ್ಟೇ ಗಾತ್ರದ ಬಫರ್ ಸೇರಿಸಿ ಹೆಪ್ಪುಗಟ್ಟಿಸಿ ಕರಗಿಸುವುದನ್ನು ಮೂರು ಸಲ ಮಾಡಿ, ವೇಗದ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಿಳಿಯನ್ನು ಮೈನಸ್ 70 ಡಿಗ್ರಿಯಲ್ಲಿಡಿ. ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೊಜಿನೇಸ್‌ನಂಥವಕ್ಕೆ ತಿಳಿಯಲ್ಲೂ ಜೆಲ್‌ನಲ್ಲೂ ಸ್ವಲ್ಪ ಎನ್‌ಎಡಿಪಿ ಎಂಬ ಸಹಕಿಣ್ವ ಇರಬೇಕು, ಇಲ್ಲದಿದ್ದರೆ ಓಡುವ ದಾರಿಯಲ್ಲೇ ಕಿಣ್ವ ಸತ್ತುಹೋಗುತ್ತದೆ.

ಶೇ. 11–12ರ ಪಿಷ್ಟದ ಜೆಲ್‌ನಲ್ಲಿ ತಂಪಿನಲ್ಲಿ ರಾತ್ರಿಯಿಡೀ ಓಡಿಸಿ, ಬೆಳಿಗ್ಗೆ ಜೆಲ್ಲನ್ನು ಅಡ್ಡಲಾಗಿ ತೆಳುವಾಗಿ ಸೀಳಿದರೆ ಒಂದೊಂದು ಸೀಳಿಗೆ ಒಂದೊಂದು ಕಿಣ್ವದ ಬಣ್ಣ ಹಾಕಬಹುದು. ಸೆಲ್ಯುಲೋಸ್ ಅಸಿಟೇಟ್ ಹಾಳೆಯಾದರೆ ಎರಡು ಮೂರು ಗಂಟೆ ಸಾಕು, ಆದರೆ ಒಂದು ಓಟಕ್ಕೆ ಒಂದೇ ಕಿಣ್ವ. ಬಣ್ಣ ಹಾಕುವುದೆಂದರೆ ಕಿಣ್ವದ ಕೈಯಿಂದಲೇ ಅದರ ಕೆಲಸ ಮಾಡಿಸುವುದು. ಗ್ಲೂಕೋಸ್ ಫಾಸ್ಫೇಟ್ ಐಸೊಮರೇಸ್‌ಗೆ ಫ್ರಕ್ಟೋಸ್-6-ಫಾಸ್ಫೇಟ್ ಕೊಡುತ್ತೇವೆ. ಅದು ಗ್ಲೂಕೋಸ್-6-ಫಾಸ್ಫೇಟ್ ಆಗುತ್ತದೆ. ಬಣ್ಣದ ಮಿಶ್ರಣದಲ್ಲಿ ನಾವೇ ಸೇರಿಸಿದ ಡಿಹೈಡ್ರೊಜಿನೇಸ್ ಅದರಿಂದ ಹೈಡ್ರೊಜನ್ ಕಿತ್ತು ಎನ್‌ಎಡಿಪಿಗೆ ಕೊಡುತ್ತದೆ. ಅಲ್ಲಿಂದ ಪಿಎಂಎಸ್ ಎಂಬ ವಾಹಕದ ಮೂಲಕ ಎಂಟಿಟಿ ಎಂಬ ಟೆಟ್ರಜೋಲಿಯಂ ಬಣ್ಣಕ್ಕೆ ದಾಟಿದಾಗ ಕರಗದ ನೀಲಿ ಫಾರ್ಮಜಾನ್ ಆ ಜಾಗದಲ್ಲೇ ಕೂರುತ್ತದೆ. ಪಿಎಂಎಸ್ ಬೆಳಕಿಗೆ ಕೆಡುತ್ತದೆ, ಕೊನೆಯಲ್ಲಿ ಹಾಕಿ ಕತ್ತಲಲ್ಲಿಡಿ.

ಈ ಐಸೊಮರೇಸ್‌ನ ಜೆಲ್ಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಾಲ್ಕು ಸಾಲು ಓಡಿಸಿ: ಇಲಿ, ಹ್ಯಾಮ್‌ಸ್ಟರ್, ಇವೆರಡರ ತಿಳಿಯನ್ನು ಕೊಳವೆಯಲ್ಲಿ ಬೆರೆಸಿದ್ದು, ಸಂಕರ ಕ್ಲೋನಿನದು. ಮೊದಲೆರಡರಲ್ಲಿ ಒಂದೊಂದು ಪಟ್ಟೆ, ಬೇರೆ ಬೇರೆ ಎತ್ತರದಲ್ಲಿ. ಬೆರೆಸಿದ್ದರಲ್ಲಿ ಅವೇ ಎರಡು ಪಟ್ಟೆಗಳು. ಸಂಕರ ಕ್ಲೋನಿನಲ್ಲಿ ಮೂರು, ಅವೆರಡರ ನಟ್ಟನಡುವೆ ಇನ್ನೊಂದು. ಈ ಕಿಣ್ವ ಎರಡು ಉಪಘಟಕಗಳ ಜೋಡಿ. ಒಂದೇ ಕೋಶದೊಳಗೆ ಇಲಿಯದೂ ಹ್ಯಾಮ್‌ಸ್ಟರಿನದೂ ತಯಾರಾದಾಗ ಮಾತ್ರ ಅತ್ತಣದೊಂದು ಇತ್ತಣದೊಂದು ಸೇರಿದ ಜೋಡಿ ಹುಟ್ಟುತ್ತದೆ. ಕೊಳವೆಯಲ್ಲಿ ಬೆರೆಸಿದರೆ ಹುಟ್ಟುವುದಿಲ್ಲ. ಎರಡೂ ಸಮನಾಗಿ ತಯಾರಾದರೆ ಮೂರು ಪಟ್ಟೆಗಳ ದಟ್ಟತೆ 1:2:1. ಇಡೀ ವಿಧಾನದಲ್ಲಿ ಇಷ್ಟು ಸ್ಪಷ್ಟವಾದ ಪುರಾವೆ ಇನ್ನೊಂದಿಲ್ಲ. ಪಾತ್ರೆಯಲ್ಲಿರುವುದು ಎರಡು ಬಗೆಯ ಕೋಶಗಳ ಕಲಬೆರಕೆಯಲ್ಲ, ನಿಜವಾದ ಸಂಕರ ಎಂದು ನಡುವಿನ ಪಟ್ಟೆ ಹೇಳುತ್ತದೆ. ಲ್ಯಾಕ್ಟೇಟ್ ಡಿಹೈಡ್ರೊಜಿನೇಸ್ ನಾಲ್ಕು ಉಪಘಟಕಗಳದ್ದು, ಅಲ್ಲಿ ಐದು ಪಟ್ಟೆ. ನ್ಯೂಕ್ಲಿಯೊಸೈಡ್ ಫಾಸ್ಫೊರಿಲೇಸ್ ಮೂರರದ್ದು, ನಾಲ್ಕು ಪಟ್ಟೆ. ಫಾಸ್ಫೊಗ್ಲೂಕೊಮ್ಯೂಟೇಸ್ ಒಂಟಿ, ಅಲ್ಲಿ ನಡುವಿನ ಪಟ್ಟೆ ಹುಡುಕಬೇಡಿ.

ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಇದಕ್ಕೆ ತಿರುಗುಮುರುಗು. ಟೆಟ್ರಜೋಲಿಯಂ ಬಣ್ಣ ಹಾಕಿದ ಜೆಲ್ಲನ್ನು ಬೆಳಕಿನಲ್ಲಿಟ್ಟರೆ ಹಿನ್ನೆಲೆಯೆಲ್ಲ ನೀಲಿಯಾಗುತ್ತದೆ. ಈ ಕಿಣ್ವವಿರುವ ಕಡೆ ಮಾತ್ರ ಬಣ್ಣ ಕೂರದೆ ಬಿಳಿ ಪಟ್ಟೆ ಉಳಿಯುತ್ತದೆ. ಬೇರಾವುದೋ ಕಿಣ್ವಕ್ಕೆ ಬಣ್ಣ ಹಾಕಿದ ಜೆಲ್‌ನಲ್ಲಿ ಬಿಳಿ ಗೆರೆ ಕಂಡರೆ ಗುಳ್ಳೆ ಎಂದು ತಳ್ಳಿಹಾಕಬೇಡಿ.

ವರ್ಣತಂತು ಎಣಿಸುವುದು

ಕಿಣ್ವಕ್ಕೆಂದು ಕೋಶ ತೆಗೆದ ದಿನವೇ, ಅದೇ ಬೆಳೆಯಿಂದ ವರ್ಣತಂತುಗಳಿಗೂ ಕೋಶ ತೆಗೆಯಬೇಕು. ಈ ಮಾತನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಕ್ಲೋನ್ ನಿಂತ ನೀರಲ್ಲ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದಾಟಿಸಿದಂತೆಲ್ಲ ವರ್ಣತಂತುಗಳು ಹೋಗುತ್ತಲೇ ಇರುತ್ತವೆ. ಮೂರು ವಾರ ಬಿಟ್ಟು ಮಾಡಿದ ಎಣಿಕೆ ಇನ್ನಾವುದೋ ಕ್ಲೋನಿನ ಎಣಿಕೆಯಿದ್ದ ಹಾಗೆ.

ವರ್ಣತಂತುಗಳು ಚೆನ್ನಾಗಿ ಕಾಣುವ ಹಂತದಲ್ಲಿ ಕೋಶ ವಿಭಜನೆಯನ್ನು ನಿಲ್ಲಿಸುವ ಕಾಲ್ಸೆಮಿಡ್ ಮಿಲಿಲೀಟರಿಗೆ 0.05ರಿಂದ 0.1 ಮೈಕ್ರೊಗ್ರಾಂ, ಒಂದೆರಡು ಗಂಟೆ. ಹೆಚ್ಚು ಹೊತ್ತು ಬಿಟ್ಟರೆ ವರ್ಣತಂತುಗಳು ಮೊಟಕಾಗಿ, ಬಣ್ಣ ಹಾಕಿದಾಗ ಅವುಗಳ ಮೇಲೆ ಮೂಡುವ ಅಡ್ಡ ಪಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ 0.075 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ 10–15 ನಿಮಿಷ ಉಬ್ಬಿಸಿ, ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಹಿಡಿದಿಟ್ಟು ಗಾಜಿನ ಮೇಲೆ ಹನಿಸುವುದು. ಇಲಿಯ ವರ್ಣತಂತುಗಳು ಉದ್ದದಲ್ಲಿ ಅಷ್ಟಿಷ್ಟೇ ಬೇರೆ, ಆಕಾರದಲ್ಲಿ ಎಲ್ಲವೂ ಒಂದೇ. ಪಟ್ಟೆ ಬಣ್ಣಗಾರಿಕೆ ಬರುವ ಮೊದಲು ಒಂದನ್ನು ಇನ್ನೊಂದರಿಂದ ಬಿಡಿಸಿ ಹೇಳುವುದು ಆಗದ ಮಾತಾಗಿತ್ತು. ಕ್ವಿನಕ್ರೀನ್ ಪಟ್ಟೆಗಳಿಂದ ಪ್ರತಿಯೊಂದನ್ನೂ ಗುರುತಿಸುವುದು 1971ರ ಹೊತ್ತಿಗೆ ಸಾಧ್ಯವಾಯಿತು, 1972ರಲ್ಲಿ ಎಲ್ಲರಿಗೂ ಒಪ್ಪಿತವಾದ ಸಂಖ್ಯೆಗಳು ಬಂದವು. ಟ್ರಿಪ್ಸಿನ್–ಗೀಮ್ಸಾ ಪಟ್ಟೆಯೂ ಆಗುತ್ತದೆ, ಆದರೆ ಟ್ರಿಪ್ಸಿನ್ ಕೆಲವು ಸೆಕೆಂಡು ಹೆಚ್ಚಾದರೂ ವರ್ಣತಂತು ಊದಿ ಹೋಗುತ್ತದೆ.

ಇದು ಇಲಿಯದೋ ಹ್ಯಾಮ್‌ಸ್ಟರಿನ ಮುರಿದ ತುಂಡೋ ಎಂಬ ಸಂಶಯ ಬಂದಾಗ ಹೋಕ್ಸ್ಟ್ 33258 ಎಂಬ ಹೊಳೆಯುವ ಬಣ್ಣ ಕೈಹಿಡಿಯುತ್ತದೆ. ಇಲಿಯ ಸೆಂಟ್ರೊಮಿಯರ್ ಬಳಿ ಅಡೆನೀನ್–ಥೈಮೀನ್ ತುಂಬಿದ, ಒಂದೇ ತುಣುಕು ಮತ್ತೆ ಮತ್ತೆ ಬರುವ ಸ್ಯಾಟಲೈಟ್ ಡಿಎನ್‌ಎ ಇದೆ. ಈ ಬಣ್ಣದಲ್ಲಿ ಆ ತುದಿ ದೀಪ ಹಚ್ಚಿಟ್ಟಂತೆ ಹೊಳೆಯುತ್ತದೆ, ಹ್ಯಾಮ್‌ಸ್ಟರಿನದು ಹೊಳೆಯುವುದಿಲ್ಲ. ಹ್ಯಾಮ್‌ಸ್ಟರ್ ತೋಳಿನ ತುದಿಗೆ ಸೆಂಟ್ರೊಮಿಯರ್ ಇಲ್ಲದ ಇಲಿಯ ತುಂಡು ಅಂಟಿದ್ದರೆ ಮಾತ್ರ ಹೋಕ್ಸ್ಟ್‌ಗೂ ಅದು ಕಾಣುವುದಿಲ್ಲ.

ಲೆಕ್ಕ, ಮತ್ತು ಲೆಕ್ಕ ತಪ್ಪುವ ಕಡೆ

ಪ್ರತಿ ಕ್ಲೋನಿಗೂ ಕಿಣ್ವ ಉಂಟೋ ಇಲ್ಲವೋ, ಪ್ರತಿ ವರ್ಣತಂತು ಉಂಟೋ ಇಲ್ಲವೋ ಎಂದು ಬರೆಯುತ್ತ ಹೋಗಿ. ಎರಡೂ ಇರುವ, ಎರಡೂ ಇಲ್ಲದ ಕ್ಲೋನ್‌ಗಳು ಹೊಂದಿಕೆಯವು. ಒಂದಿದ್ದು ಇನ್ನೊಂದಿಲ್ಲದವು ಹೊಂದದವು. ತಾನಿರುವ ವರ್ಣತಂತುವಿನ ಜೊತೆ ಜೀನ್ ಬರುತ್ತದೆ, ಜೊತೆಗೇ ಹೋಗುತ್ತದೆ. ಆ ವರ್ಣತಂತುವಿನೆದುರು ಹೊಂದದ ಕ್ಲೋನ್ ಸೊನ್ನೆ ಇರಬೇಕು, ಉಳಿದವುಗಳೆದುರು ಹಲವು ಇರಬೇಕು. ಒಂದೊಂದು ವರ್ಣತಂತುವೂ ಅರ್ಧದಷ್ಟು ಕ್ಲೋನ್‌ಗಳಲ್ಲಿ ಉಳಿದಿದ್ದರೆ, ಒಂದಕ್ಕೊಂದು ಸಂಬಂಧವಿಲ್ಲದ 20 ಕ್ಲೋನ್‌ಗಳಲ್ಲಿ ತಪ್ಪು ವರ್ಣತಂತುವೊಂದು ಆಕಸ್ಮಿಕವಾಗಿ ಪೂರ್ತಿ ಹೊಂದುವ ಸಾಧ್ಯತೆ ಹತ್ತು ಲಕ್ಷಕ್ಕೊಂದು. ಅದೇ ವರ್ಣತಂತು 20ರಲ್ಲಿ 18 ಕ್ಲೋನ್‌ಗಳಲ್ಲಿ ಉಳಿದುಬಿಟ್ಟಿದ್ದರೆ ಬಲವೆಲ್ಲ ಬಾಕಿ ಎರಡರ ಮೇಲೆ ನಿಂತಿರುತ್ತದೆ. ಹ್ಯಾಮ್‌ಸ್ಟರ್ ಸಂಕರಗಳಲ್ಲಿ ಇಲಿಯ ವರ್ಣತಂತುಗಳು ನಿಧಾನವಾಗಿ ಹೋಗುವುದರಿಂದ ಈ ತೊಂದರೆ ಸಾಮಾನ್ಯ. ಅವಸರಪಡದೆ ಇನ್ನಷ್ಟು ಪೀಳಿಗೆ ಬೆಳೆಸಿ ಮತ್ತೆ ಕ್ಲೋನ್ ಮಾಡಬೇಕು.

ಎಕ್ಸ್ ವರ್ಣತಂತುವಿನದು ಬೇರೆ ಕಥೆ. ಎಚ್‌ಪಿಆರ್‌ಟಿ ಜೀನ್ ಇರುವುದು ಅದರ ಮೇಲೆಯೇ. ಹ್ಯಾಟ್‌ನಲ್ಲಿರುವಷ್ಟು ಕಾಲ ಎಲ್ಲ ಕ್ಲೋನ್‌ಗಳಲ್ಲೂ ಇಲಿಯ ಎಕ್ಸ್ ಇದ್ದೇ ಇರುತ್ತದೆ, ಹಾಗಾಗಿ ಅದರ ಮೇಲಿನ ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೊಜಿನೇಸ್, ಆಲ್ಫಾ ಗ್ಯಾಲಕ್ಟೊಸಿಡೇಸ್ ಕೂಡ ಇರುತ್ತವೆ. ಎಕ್ಸ್ ಇಲ್ಲದ ಕ್ಲೋನ್ ಪಡೆಯಲು ಹಿಮ್ಮುಖ ಆಯ್ಕೆ ಮಾಡಬೇಕು: 6-ಥಯೋಗ್ವಾನೀನ್ 30 ಮೈಕ್ರೊಮೋಲಾರ್ ಹಾಕಿದರೆ ಎಚ್‌ಪಿಆರ್‌ಟಿ ಇರುವ ಕೋಶ ಆ ವಿಷವನ್ನು ಒಳಗೆಳೆದುಕೊಂಡು ಸಾಯುತ್ತದೆ. ಹ್ಯಾಟ್‌ನಿಂದ ನೇರ ಅದಕ್ಕೆ ಹಾಕಬೇಡಿ. ಅಮೈನೊಪ್ಟೆರಿನ್ ಕೋಶದೊಳಗೆ ಉಳಿದಿರುತ್ತದೆ, ಹಳೆಯ ಕಿಣ್ವವೂ ಉಳಿದಿರುತ್ತದೆ. ಮೊದಲು ಹೈಪೊಕ್ಸಾಂಥೀನ್, ಥೈಮಿಡೀನ್ ಮಾತ್ರ ಇರುವ ಮೀಡಿಯಮ್ಮಿನಲ್ಲಿ, ಆಮೇಲೆ ಸಾದಾ ಮೀಡಿಯಮ್ಮಿನಲ್ಲಿ ವಾರಗಟ್ಟಲೆ ಬೆಳೆಸಿ, ಬಳಿಕ ವಿಷ ಕೊಡಿ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಅಡೆನಿಲೇಟ್ ಕೈನೇಸ್-1 ಹುಡುಕುತ್ತಿದ್ದೇವೆ ಎಂದಿಟ್ಟುಕೊಳ್ಳಿ. 20 ಕ್ಲೋನ್‌ಗಳಲ್ಲಿ 19 ಎರಡನೇ ವರ್ಣತಂತುವಿಗೆ ಹೊಂದಿವೆ, ಒಂದು ಹೊಂದಿಲ್ಲ. ಆ ಒಂದನ್ನು ಬದಿಗೆ ಸರಿಸುವ ಆಸೆ ಬರುತ್ತದೆ. ಹಾಗೆ ಮಾಡಬಾರದು. ತಪ್ಪು ಎತ್ತ ಕಡೆಗಿದೆ ಎಂದು ಮೊದಲು ನೋಡಿ. ಕಿಣ್ವ ಇದೆ, ವರ್ಣತಂತು ಇಲ್ಲ ಎಂದಾದರೆ ಜೀನ್ ಇರುವ ತುಂಡು ಹ್ಯಾಮ್‌ಸ್ಟರ್ ವರ್ಣತಂತುವಿಗೆ ಅಂಟಿಕೊಂಡಿರಬಹುದು. ಆ ಕ್ಲೋನಿನ ಹ್ಯಾಮ್‌ಸ್ಟರ್ ಪಟ್ಟೆಗಳನ್ನು ಮೂಲ ಸಾಲಿನ ಪಟ್ಟೆಗಳ ಪಕ್ಕ ಇಟ್ಟು ನೋಡಿ. ಅಥವಾ ನೂರರಲ್ಲಿ ಐದಾರು ಕೋಶಗಳಲ್ಲಿ ಮಾತ್ರ ವರ್ಣತಂತು ಉಳಿದಿದ್ದು, ನೀವು ನೋಡಿದ ಹತ್ತು ಕೋಶಗಳಲ್ಲಿ ಅದು ಸಿಗದೆ ಹೋಗಿರಬಹುದು. ಹತ್ತು ಸಾಲದು, ಮೂವತ್ತು ನೋಡಿ. ವರ್ಣತಂತು ಇದೆ, ಕಿಣ್ವ ಇಲ್ಲ ಎಂದಾದರೆ ಒಂದು ಭಾಗ ಕಳಚಿಹೋಗಿರಬಹುದು, ಇಲ್ಲವೇ ಪಟ್ಟೆ ತೀರ ಮಸುಕಾಗಿರಬಹುದು. ತಿಳಿಯನ್ನು ಗಟ್ಟಿಮಾಡಿ ಮತ್ತೆ ಓಡಿಸಿ. ಇದೇ ಕಿಣ್ವದ ಜೊತೆ ಟ್ರೈಪೆಪ್ಟಿಡೇಸ್-1 ಹತ್ತನೆಯದಕ್ಕೆ, ಆಮ್ಲ ಫಾಸ್ಫಟೇಸ್-1 ಹನ್ನೆರಡನೆಯದಕ್ಕೆ, ಡೈಪೆಪ್ಟಿಡೇಸ್-2 ಹದಿನೆಂಟನೆಯದಕ್ಕೆ ಸೇರಿದ್ದೆಂದು ಫ್ರಾಂಕೆ ಮತ್ತು ಜೊತೆಗಾರರು 1977ರಲ್ಲಿ ತೋರಿಸಿದರು.

ಎಲ್ಲಕ್ಕಿಂತ ಕೇಡು ಮಾಡುವುದು ಮೈಕೊಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ. ಕಣ್ಣಿಗೆ ಕಾಣದೆ ಬೆಳೆಯಲ್ಲಿ ಸೇರಿಕೊಂಡಿರುತ್ತದೆ, ಮೀಡಿಯಮ್ ಕದಡುವುದೂ ಇಲ್ಲ. ಅದಕ್ಕೆ ತನ್ನದೇ ಫಾಸ್ಫೊರಿಲೇಸ್‌ಗಳಿವೆ. ನ್ಯೂಕ್ಲಿಯೊಸೈಡ್ ಫಾಸ್ಫೊರಿಲೇಸ್ ಜೆಲ್‌ನಲ್ಲಿ ಅದರ ಪಟ್ಟೆ ಬಂದು ಇಲಿಯದೆಂಬ ಭ್ರಮೆ ಹುಟ್ಟಿಸುತ್ತದೆ. ಮೀಡಿಯಮ್ಮಿನ ಥೈಮಿಡೀನನ್ನು ಒಡೆದುಹಾಕಿ ಹ್ಯಾಟ್‌ನಲ್ಲಿ ಬದುಕಬೇಕಾದ ಸಂಕರಗಳನ್ನೂ ಸಾಯಿಸುತ್ತದೆ. ವರ್ಣತಂತುಗಳನ್ನೂ ಮುರಿಯುತ್ತದೆ. ಹೋಕ್ಸ್ಟ್ ಬಣ್ಣದಲ್ಲಿ ಕೋಶಕೇಂದ್ರದ ಹೊರಗೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಚೆಲ್ಲಿದಂತೆ ಹೊಳೆದರೆ ಆ ಬೆಳೆಯನ್ನು ಎಸೆಯಿರಿ.

ಈ ವಿಧಾನಕ್ಕೆ ಎಲ್ಲ ಕಿಣ್ವಗಳೂ ಒಗ್ಗುವುದಿಲ್ಲ. ಎಲ್ಲ ಕೋಶಗಳಿಗೂ ಬೇಕಾದ ದಿನಬಳಕೆಯ ಕಿಣ್ವಗಳು ಮಾತ್ರ ಸಂಕರದಲ್ಲಿ ತಪ್ಪದೆ ಕೆಲಸ ಮಾಡುತ್ತವೆ. ಯಕೃತ್ತಿನಂಥ ಒಂದೇ ಅಂಗದ ವಿಶೇಷ ಕಿಣ್ವಗಳ ಜೀನ್ ಸಂಕರ ಕೋಶದಲ್ಲಿ ಇದ್ದೂ ಸುಮ್ಮನಾಗುತ್ತದೆ. ಅಂಥವು 1980ರ ದಶಕದಲ್ಲಿ ಜೀನನ್ನೇ ನೇರವಾಗಿ ಗುರುತಿಸುವ ಡಿಎನ್‌ಎ ತುಣುಕು, ಅಂದರೆ ಡಿಎನ್‌ಎ ಪ್ರೋಬ್, ಬರುವವರೆಗೆ ಕಾಯಬೇಕಾಯಿತು. ವಿಶೇಷವೆಂದರೆ ಆಗಲೂ ಬಳಸಿದ್ದು ಇವೇ ಸಂಕರ ಕ್ಲೋನ್‌ಗಳನ್ನು, ಕಿಣ್ವದ ಜೆಲ್ ಬದಲು ಪ್ರೋಬಿನಿಂದ ಡಿಎನ್‌ಎಯನ್ನು ಪತ್ತೆಹಚ್ಚುವ ಸದರ್ನ್ ಬ್ಲಾಟ್ ಬಂತು, ಅಷ್ಟೆ.

ಜೀನ್ ವರ್ಣತಂತುವಿನ ಯಾವ ಭಾಗದಲ್ಲಿದೆ ಎಂಬುದಕ್ಕೆ ವರ್ಣತಂತು ತುಂಡಾಗಿ ಅದಲು ಬದಲಾದ ಇಲಿಗಳು ನೆರವಾದವು. ಎಕ್ಸ್ ಮತ್ತು 16ರ ನಡುವೆ ತುಂಡು ಬದಲಾದ ಇಲಿಯ ಕೋಶ ಬಳಸಿದರೆ, ಎಚ್‌ಪಿಆರ್‌ಟಿ ಇರುವ ತುಂಡನ್ನು ಹ್ಯಾಟ್ ಉಳಿಸುತ್ತದೆ, ಥಯೋಗ್ವಾನೀನ್ ಕಳೆಯುತ್ತದೆ. ಅದಕ್ಕೆ ಅಂಟಿದ 16ರ ಭಾಗವೂ ಜೊತೆಗೇ ಉಳಿಯುತ್ತದೆ, ಹೋಗುತ್ತದೆ. 1979ರಲ್ಲಿ ಫ್ರಾಂಕೆ ಮತ್ತು ಟ್ಯಾಗರ್ಟ್ ಈ ದಾರಿಯಲ್ಲಿ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್-1ರ ಜೀನನ್ನು 16ನೇ ವರ್ಣತಂತುವಿನ ಒಂದು ಭಾಗಕ್ಕೆ ಸೇರಿಸಿದರು. ಮನುಷ್ಯನಲ್ಲಿ ಅದೇ ಜೀನ್ 21ನೆಯದರಲ್ಲಿದೆ, ಡೌನ್ ಸಿಂಡ್ರೋಮಿನಲ್ಲಿ ಮೂರಾಗುವ ವರ್ಣತಂತು ಅದು. 16ನೆಯದು ಮೂರಿರುವ ಇಲಿಯನ್ನು ಡೌನ್ ಸಿಂಡ್ರೋಮಿನ ಮಾದರಿಯಾಗಿ ಅಧ್ಯಯನ ಮಾಡಲು ಈ ಹೋಲಿಕೆ ಆಧಾರವಾಯಿತು. ಹೋಲಿಕೆ ಪೂರ್ತಿಯಲ್ಲ ಎಂದು ಮುಂದೆ ತಿಳಿಯಿತು. ಮನುಷ್ಯನ 21ರ ಜೀನ್‌ಗಳು ಇಲಿಯಲ್ಲಿ 10, 17ರಲ್ಲೂ ಚದುರಿವೆ, ಇಲಿಯ 16ರಲ್ಲಿ ಮನುಷ್ಯನ ಬೇರೆ ವರ್ಣತಂತುಗಳ ಜೀನ್‌ಗಳೂ ಇವೆ.

ಇನ್ನೂ ಸೊಗಸಾದದ್ದು ಇಲಿಯ ನಾಲ್ಕನೇ ವರ್ಣತಂತು. ಎನೊಲೇಸ್, ಫಾಸ್ಫೊಗ್ಲೂಕೊನೇಟ್ ಡಿಹೈಡ್ರೊಜಿನೇಸ್, ಫಾಸ್ಫೊಗ್ಲೂಕೊಮ್ಯೂಟೇಸ್, ಅಡೆನಿಲೇಟ್ ಕೈನೇಸ್-2, ಈ ನಾಲ್ಕೂ ಅಲ್ಲಿವೆ. ಮನುಷ್ಯನಲ್ಲಿ ಅವು ನಾಲ್ಕೂ ಒಂದನೇ ವರ್ಣತಂತುವಿನ ಮೋಟು ತೋಳಿನಲ್ಲಿವೆ. ಲಾಲಿ, ಫ್ರಾಂಕೆ, ಮಿನ್ನಾ ಇದನ್ನು 1978ರಲ್ಲಿ ಪ್ರಕಟಿಸಿದರು. ಇಷ್ಟು ದೂರದ ಎರಡು ಪ್ರಾಣಿಗಳಲ್ಲಿ ವರ್ಣತಂತುವಿನ ದೊಡ್ಡ ತುಂಡೊಂದು ಒಡೆಯದೆ ಉಳಿದು ಬಂದಿದೆ ಎಂದು ಜೆಲ್‌ನ ಪಟ್ಟೆಗಳಿಂದಲೇ ಗೊತ್ತಾಯಿತು. ಹಳೆಯ ಲೇಖನ ಓದುವವರಿಗೊಂದು ಎಚ್ಚರಿಕೆ: ಆಗ ಇಲಿಯ ಈ ಮ್ಯೂಟೇಸ್‌ಗೆ 2 ಎಂಬ ಸಂಖ್ಯೆ ಇತ್ತು, ಮನುಷ್ಯನದಕ್ಕೆ 1. ಐದನೇ ವರ್ಣತಂತುವಿನ ಇನ್ನೊಂದು ಮ್ಯೂಟೇಸ್‌ಗೆ ಇಲಿಯಲ್ಲಿ 1 ಎಂದಿತ್ತು. ಈಗ ಇಲಿಯ ಸಂಖ್ಯೆಗಳನ್ನು ಅದಲು ಬದಲು ಮಾಡಿ ಮನುಷ್ಯನದಕ್ಕೆ ಹೊಂದಿಸಿದ್ದಾರೆ. ಹಳೆಯ ಕೋಷ್ಟಕವನ್ನು ಹಾಗೇ ನಕಲು ಮಾಡಿದರೆ ತಪ್ಪು ವರ್ಣತಂತು ಸಿಗುತ್ತದೆ.

ಕ್ಲೋನ್‌ಗಳ ಸಂಗ್ರಹ ಕಟ್ಟುವವರು ಪ್ರತಿಯೊಂದರಿಂದಲೂ ಒಂದೇ ದಿನ ನಾಲ್ಕು ಪಾಲು ತೆಗೆಯಲಿ: ಕಿಣ್ವಕ್ಕೊಂದು, ವರ್ಣತಂತುವಿಗೊಂದು, ಡಿಎನ್‌ಎಗೊಂದು, ದ್ರವ ಸಾರಜನಕದಲ್ಲಿಡಲು ಒಂದು. ಬಾಟಲಿಯ ಮೇಲೆ ಕ್ಲೋನಿನ ಹೆಸರಿನ ಜೊತೆ ಎಷ್ಟನೇ ದಾಟಿಕೆಯದು ಎಂಬುದೂ ಇರಲಿ. ವರ್ಷಗಳ ಮೇಲೆ ಹೊಸ ಕಿಣ್ವಕ್ಕೆಂದು ಕರಗಿಸಿ ಬೆಳೆಸಿದಾಗ ಹಳೆಯ ಪಟ್ಟಿಯನ್ನು ನಂಬದೆ ವರ್ಣತಂತುಗಳನ್ನು ಮೊದಲಿನಿಂದ ಎಣಿಸಿ.